ಅಮಾವಾಸ್ಯೆಯ ಅವರೆಕಾಳು

ಅವರೆಕಾಳಿಗೆ ಹುಳ ಬೀಳುವುದು ಮನೆಗೆ ಬಂದ ಮೇಲೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಹೊಲದಲ್ಲಿ ಕಾಯಿ ಬಲಿತು ಒಣಗುವ ಹೊತ್ತಿಗೇ ಎಳ್ಳಿಗಿಂತ ತುಸು ದೊಡ್ಡದಾದ ಕಂದು ದುಂಬಿಯೊಂದು ಬಂದು ಮೊಟ್ಟೆ ಅಂಟಿಸಿ ಹೋಗಿರುತ್ತದೆ. ಒಕ್ಕಣೆ ಮುಗಿದು ಮೂಟೆ ಮನೆ ಸೇರುವಾಗ ಮೊಟ್ಟೆ ಮರಿಗಳೂ ಜೊತೆಯಲ್ಲೇ ಹೊಸ್ತಿಲು ದಾಟುತ್ತವೆ. ಕೃಷಿ ಪುಸ್ತಕಗಳಲ್ಲಿ ಇದನ್ನು ಓದಿದ್ದು ನಾನು ದೊಡ್ಡವಳಾದ ಮೇಲೆ. ನಮ್ಮಜ್ಜಿ ಮಾತ್ರ ಮೊದಲಿನಿಂದಲೂ ಹೇಳುತ್ತಿದ್ದಳು: 'ಹುಳ ನಮ್ಮನೇದಲ್ಲ ಕಣವ್ವ, ಹೊಲದ್ದು. ಕಾಳಿನ ಸಂಗಡ ನೆಂಟ್ರಂಗೆ ಬಂದೈತೆ. ಕೂತ್ಕೊಳಾಕೆ ಬಿಡಬಾರ್ದು ಅಷ್ಟೆ.'

ನಾನು ಬೆಳೆದದ್ದು 1970ರ ದಶಕದಲ್ಲಿ, ತಿಪಟೂರು ಸೀಮೆಯ ಒಂದು ಹಳ್ಳಿಯಲ್ಲಿ. ರಾಗಿ ಮುಖ್ಯ ಬೆಳೆ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ. ಕೊನೆಯ ಮಳೆಗೆ ಹುರುಳಿ. ಒಂದು ಸಂಕ್ರಾಂತಿಯಿಂದ ಇನ್ನೊಂದು ಸಂಕ್ರಾಂತಿಯವರೆಗೆ ಉಣ್ಣುವ ಕಾಳು ಮನೆಯೊಳಗೇ ಇರಬೇಕಿತ್ತು. ಮುಂದಿನ ವರ್ಷದ ಬಿತ್ತನೆ ಬೀಜವೂ ಅದರಲ್ಲೇ. ಹುಳ ಬಿದ್ದರೆ ಸಾರಿಗೆ ಕಾಳಿಲ್ಲ, ಹೊಲಕ್ಕೆ ಬೀಜವೂ ಇಲ್ಲ. ಹೊಲ ಉಳುವುದು, ಬಿತ್ತುವುದು ಗಂಡಸರ ಕೆಲಸವೆಂದು ಊರು ಲೆಕ್ಕ ಹಾಕುತ್ತಿತ್ತು. ಬೆಳೆದದ್ದನ್ನು ಹನ್ನೆರಡು ತಿಂಗಳು ಕಾಪಾಡುವ ಕೆಲಸಕ್ಕೆ ಯಾರೂ ಹೆಸರೇ ಇಟ್ಟಿರಲಿಲ್ಲ. ಅದು ಅಜ್ಜಿಯದಾಗಿತ್ತು.

ಕಾಳು ಮನೆಗೆ ಬಂದ ಕೂಡಲೇ ಅದಕ್ಕೆ ಬಿಸಿಲು. ಸಗಣಿ ಸಾರಿಸಿದ ಅಂಗಳದಲ್ಲಿ ತೆಳ್ಳಗೆ ಹರವಿ, ಹೊತ್ತು ಏರಿದಂತೆ ಅಜ್ಜಿ ಕಾಲಿನಲ್ಲೇ ಸಾಲೆಳೆದು ತಿರುವುತ್ತಿದ್ದಳು. ಸಾಕಷ್ಟು ಒಣಗಿತೋ ಇಲ್ಲವೋ ಎಂಬುದಕ್ಕೆ ಅವಳ ಹಲ್ಲೇ ಪರೀಕ್ಷೆ. ಒಂದು ಕಾಳು ಕಚ್ಚಿದರೆ ಅದು 'ಕಟಕ್' ಎಂದು ಎರಡಾಗಬೇಕು. ಹಲ್ಲಿಗೆ ಮೆತ್ತಗೆ ಒತ್ತಿಕೊಂಡರೆ ಇನ್ನೊಂದು ದಿನದ ಬಿಸಿಲು. ಆಮೇಲೆ ಮೊರದಲ್ಲಿ ಕೇರಿ, ತೂತು ಬಿದ್ದ ಕಾಳು, ಮುರುಕು ಕಾಳು ಬೇರೆ ಮಾಡಿ ದನಕ್ಕೆ ಹಾಕುತ್ತಿದ್ದಳು. ಇಷ್ಟೆಲ್ಲ ಆಗುವವರೆಗೆ ಒಂದು ಎಲೆಯನ್ನೂ ಅವಳು ಮುಟ್ಟುತ್ತಿರಲಿಲ್ಲ. ಒಣಗದ ಕಾಳಿಗೆ ಯಾವ ಸೊಪ್ಪು ಹಾಕಿದರೂ ದಂಡ ಎಂಬುದು ಅವಳ ಮೊದಲ ಪಾಠ.

ಒಂದೊಂದು ಕಾಳಿಗೆ ಒಂದೊಂದು ಉಪಚಾರ. ಬೇಳೆ ಮಾಡುವ ತೊಗರಿಗೆ ಕೆಮ್ಮಣ್ಣು ಕಟ್ಟುವುದು. ಹುತ್ತದ ಬದಿಯ ನಯವಾದ ಕೆಂಪು ಮಣ್ಣನ್ನು ಜರಡಿ ಹಿಡಿದು, ನೀರಿನಲ್ಲಿ ಕಲಸಿ, ಕಾಳಿಗೆಲ್ಲ ಲೇಪ ಹತ್ತುವಂತೆ ಉಜ್ಜಿ ಮತ್ತೆ ಬಿಸಿಲಿಗೆ ಹರವುತ್ತಿದ್ದರು. ಉಣ್ಣುವ ಅವರೆಗೆ, ಹೆಸರಿಗೆ ಹರಳೆಣ್ಣೆ. ಅಂಗೈಗೆ ಸ್ವಲ್ಪವೇ ಎಣ್ಣೆ ಸುರಿದುಕೊಂಡು, ಎರಡೂ ಕೈಯಲ್ಲಿ ಕಾಳನ್ನು ಹೊಸೆಯುತ್ತಾ ಹೋದರೆ ಕಾಳು ಮಿರುಗತೊಡಗುತ್ತಿತ್ತು. ಕೈಗೆ ಜಿಡ್ಡು ಹತ್ತಬಾರದು, ಕಾಳಿಗೆ ಹೊಳಪು ಬರಬೇಕು; ಅಲ್ಲಿಗೆ ಅಳತೆ ಸರಿ. ಬಿತ್ತನೆ ಬೀಜಕ್ಕಾದರೆ ಬೂದಿ. ಒಲೆಯ ಬೂದಿಯನ್ನು ಜರಡಿ ಹಿಡಿದು ಮಡಕೆಯಲ್ಲಿ ಕಾಳು, ಬೂದಿ, ಕಾಳು, ಬೂದಿ ಎಂದು ತುಂಬಿ, ಮೇಲೆ ಗೇಣುದ್ದ ಬೂದಿ ಒತ್ತಿ, ಬಾಯಿಗೆ ಸಗಣಿ ಮೆತ್ತಿ ಮುಚ್ಚುತ್ತಿದ್ದಳು.

ಇವೆಲ್ಲ ಹೇಗೆ ಕೆಲಸ ಮಾಡುತ್ತವೆ ಎಂದು ಕೀಟಶಾಸ್ತ್ರ ಓದಿದವರ ಬರಹಗಳಿಂದ ಅರ್ಥವಾದಾಗ ನನಗೆ ಅಜ್ಜಿಯ ಮೇಲಿನ ಗೌರವ ಇನ್ನಷ್ಟು ಹೆಚ್ಚಿತು. ಎಣ್ಣೆ ಸವರಿದ ಕಾಳಿನ ಮೇಲೆ ದುಂಬಿಯ ಮೊಟ್ಟೆ ಸರಿಯಾಗಿ ಅಂಟುವುದಿಲ್ಲ. ಅಂಟಿದರೂ ಎಣ್ಣೆಯ ಪೊರೆ ಅದಕ್ಕೆ ಉಸಿರುಗಟ್ಟಿಸುತ್ತದೆ. ಬೂದಿ ಕಾಳುಗಳ ನಡುವಿನ ಸಂದನ್ನೆಲ್ಲ ತುಂಬಿ, ದುಂಬಿಗೆ ಓಡಾಡಿ ಜೊತೆ ಹುಡುಕಲು ಎಡೆಯಿಲ್ಲದಂತೆ ಮಾಡುತ್ತದೆ. ಜೊತೆಗೆ ಅದರ ಮೈಮೇಲಿನ ಮೇಣದ ಪದರವನ್ನು ಕೆರೆದು ಮೈಯ ತೇವ ಆರಿಹೋಗುವಂತೆ ಮಾಡುತ್ತದೆ. ಕೆಮ್ಮಣ್ಣಿನ ಲೇಪವೂ ಹೀಗೆಯೇ ಮೊಟ್ಟೆಗೂ ಕಾಳಿಗೂ ನಡುವೆ ಅಡ್ಡ ನಿಲ್ಲುತ್ತದೆ. ಮೂರರಲ್ಲೂ ವಿಷವಿಲ್ಲ. ಹುಳದ ಬದುಕಿನ ಒಂದು ಹೆಜ್ಜೆಯನ್ನು ತಡೆದು ನಿಲ್ಲಿಸುವ ಉಪಾಯಗಳು ಇವು.

ಇನ್ನು ಸೊಪ್ಪು. ವಾಡೆಗೆ ಕಾಳು ತುಂಬುವಾಗ ತಳಕ್ಕೆ, ನಡುವೆ, ಮೇಲೆ ಬೇವಿನ ಎಲೆ ಹಾಕುತ್ತಿದ್ದೆವು. ಒಮ್ಮೊಮ್ಮೆ ಲಕ್ಕಿ ಸೊಪ್ಪು, ಅಡುಗೆ ಮನೆಯ ಚಿಕ್ಕ ಮಡಕೆಗಳಿಗೆ ನಾಲ್ಕಾರು ಒಣಮೆಣಸಿನಕಾಯಿ. ಎಲೆಯನ್ನು ನೆರಳಿನಲ್ಲೇ ಒಣಗಿಸಬೇಕು. ಬಿಸಿಲಿಗಿಟ್ಟರೆ ಘಮ ಹೋಗುತ್ತದೆ, ಹಸಿಯದೇ ಹಾಕಿದರೆ ಬೂಷ್ಟು ಬರುತ್ತದೆ. ಬೇವಿನಲ್ಲಿರುವ ಅಜಾಡಿರಕ್ಟಿನ್ ಎಂಬ ಕಹಿ ವಸ್ತು ಕೀಟವನ್ನು ಥಟ್ಟನೆ ಕೊಲ್ಲುವುದಿಲ್ಲ. ಅದು ಕೀಟಕ್ಕೆ ತಿನ್ನುವ ಇಚ್ಛೆಯನ್ನು ಕೆಡಿಸುತ್ತದೆ, ಮರಿ ಪೊರೆ ಕಳಚಿ ಬೆಳೆಯುವುದನ್ನು ತಡೆಯುತ್ತದೆ. ಈ ಗುಣ ಬೀಜದಲ್ಲಿ ಹೆಚ್ಚು, ಎಲೆಯಲ್ಲಿ ಕಡಿಮೆ. ಆದ್ದರಿಂದಲೇ ಎಲೆ ಹಾಕಿ ವರ್ಷಗಟ್ಟಲೆ ಮರೆತುಬಿಟ್ಟರೆ ಕಾಳು ಉಳಿಯುವುದಿಲ್ಲ.

ಅಜ್ಜಿ ಮರೆಯುತ್ತಿರಲಿಲ್ಲ. ಪ್ರತಿ ಅಮಾವಾಸ್ಯೆಗೂ ವಾಡೆಯ ಬಾಯಿ ತೆರೆಯುವುದು ಅವಳ ಕಟ್ಟು. ಮೊದಲು ನನ್ನ ಕೈಯನ್ನು ಒಳಗಿಳಿಸುತ್ತಿದ್ದಳು, ಚಿಕ್ಕ ಕೈ ಸಲೀಸಾಗಿ ಆಳಕ್ಕೆ ಇಳಿಯುತ್ತದೆಂದು. 'ಮೊಣಕೈ ತಂಕ ಇಳಿಸು. ತಣ್ಣಗೈತಾ, ಬೆಚ್ಚಗೈತಾ?' ತಣ್ಣಗಿದ್ದರೆ ನೆಮ್ಮದಿ. ಒಮ್ಮೆ ಹುರುಳಿಯ ವಾಡೆಯೊಳಗೆ ಬೆರಳ ತುದಿಗೆ ನಿಚ್ಚಳವಾಗಿ ಬಿಸಿ ತಾಗಿತು. ಮುಖಕ್ಕೆ ಒಂಥರಾ ಮುಗ್ಗಲು ವಾಸನೆ ಹೊಡೆಯಿತು. 'ಒಳಗೆ ಯಾರೋ ಉಸಿರಾಡ್ತಾ ಅವ್ರೆ' ಎಂದವಳೇ ಅಜ್ಜಿ ಆ ಗಳಿಗೆಯಲ್ಲೇ ವಾಡೆಯನ್ನು ಅಂಗಳಕ್ಕೆ ಖಾಲಿ ಮಾಡಿಸಿದಳು. ಮೊರಕ್ಕೆ ಬಿದ್ದ ಕಾಳಿನ ಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳು. ಕೆಲವು ಕಾಳಿನಲ್ಲಿ ಸೂಜಿಯಲ್ಲಿ ಕೊರೆದಂತೆ ದುಂಡನೆಯ ತೂತು. ಚುಕ್ಕೆ ಎಂದರೆ ಮೊಟ್ಟೆ, ತೂತು ಎಂದರೆ ಒಳಗೇ ತಿಂದು ಬೆಳೆದ ಹುಳ ಹೊರಬಿದ್ದ ದಾರಿ. ಆ ಬಿಸಿಯೂ ನಿಜವಾದದ್ದೇ: ಸಾವಿರಾರು ಹುಳಗಳು ಒಟ್ಟಿಗೆ ಉಸಿರಾಡುವಾಗ ಧಾನ್ಯದ ರಾಶಿ ಬಿಸಿಯೇರುತ್ತದೆ. ಇಂದಿನ ಗೋದಾಮುಗಳಲ್ಲಿ ರಾಶಿಯೊಳಗೆ ಉಷ್ಣಮಾಪಕ ಇಳಿಸಿ ನೋಡುವುದೂ ಇದಕ್ಕೇ.

ಅಮಾವಾಸ್ಯೆಯೇ ಏಕೆ? ಅವತ್ತು ಕಾಳಿಗೆ ಕೈ ಹಾಕಿದರೆ ಹುಳ ಹತ್ತುವುದಿಲ್ಲ ಎಂದು ಅಜ್ಜಿ ನಂಬಿದ್ದಳು. ಚಂದ್ರನಿಗೂ ದುಂಬಿಗೂ ನಂಟಿದೆಯೆಂದು ನಾನು ಹೇಳಲಾರೆ. ಆದರೆ ಈ ದುಂಬಿ ಮೊಟ್ಟೆಯಿಂದ ಬೆಳೆದು ಮತ್ತೆ ಮೊಟ್ಟೆಯಿಡುವ ಹಂತಕ್ಕೆ ಬರಲು ಬೆಚ್ಚನೆಯ ದಿನಗಳಲ್ಲಿ ಸುಮಾರು ಒಂದು ತಿಂಗಳು ಬೇಕು ಎಂದು ಓದಿದಾಗ ನನಗೆ ಮೈ ಜುಮ್ಮೆಂದಿತು. ತಿಂಗಳಿಗೊಮ್ಮೆ ತೆರೆದು, ಬಿಸಿಲಿಗೆ ಹಾಕಿ, ಕೇರಿ, ಹೊಸ ಎಲೆ ಇಟ್ಟರೆ ಒಂದು ತಲೆಮಾರು ಇನ್ನೊಂದು ತಲೆಮಾರಿಗೆ ದಾಟುವ ಮುಂಚೆಯೇ ತಡೆದಂತಾಯಿತು. ಗಡಿಯಾರ, ಕ್ಯಾಲೆಂಡರ್ ಇಲ್ಲದ ಮನೆಗೆ ತಪ್ಪದೆ ತಿಂಗಳಿಗೊಮ್ಮೆ ಬರುವ ಗುರುತು ಅಮಾವಾಸ್ಯೆ. ಹೊಲದ ಕೆಲಸಕ್ಕೂ ಅವತ್ತು ಬಿಡುವು. ಎಲೆ ಮಾಡಬಹುದಾದದ್ದು ಅರ್ಧ. ಉಳಿದರ್ಧವನ್ನು ಆ ದಿನ ಮಾಡುತ್ತಿತ್ತು. ನಾನು ಈ ಬರಹದಲ್ಲಿ ಹೇಳಬೇಕೆಂದಿರುವುದೂ ಇಷ್ಟನ್ನೇ.

ರಾಗಿಗೆ ಈ ಪರದಾಟವಿರಲಿಲ್ಲ. ಅಷ್ಟು ಸಣ್ಣ, ಅಷ್ಟು ಗಟ್ಟಿ ಕಾಳಿಗೆ ಹುಳ ಹತ್ತುವುದು ಅಪರೂಪ. ಅದಕ್ಕೆ ಹಗೇವು ಸಾಕು. ನೆಲದಲ್ಲಿ ಆಳಕ್ಕೆ ತೋಡಿ, ಸುತ್ತ ಹುಲ್ಲು ಒತ್ತಿ, ರಾಗಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಗಾಳಿಯಾಡದ ಆ ಗುಂಡಿಯಲ್ಲಿ ಹುಳಕ್ಕೂ ಉಸಿರಿಲ್ಲ, ಮನುಷ್ಯನಿಗೂ ಇಲ್ಲ. ಆದ್ದರಿಂದ ಹಗೇವು ತೆರೆದ ಮೇಲೆ ಬಹಳ ಹೊತ್ತು ಹಾಗೇ ಬಿಟ್ಟು, ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಒಬ್ಬರು ಇಳಿಯುತ್ತಿದ್ದರು.

ಕಾಳಿನಾಚೆಗೂ ಈ ಕಾವಲು ಹಬ್ಬಿತ್ತು. ಅವ್ವನ ಧಾರೆ ಸೀರೆಯ ಪೆಟ್ಟಿಗೆಯಲ್ಲಿ ಲಾವಂಚದ ಬೇರು, ಬಟ್ಟೆಯ ಗಂಟಿನಲ್ಲಿ ಬಜೆ. ಬಜೆಯ ಎಣ್ಣೆಯಲ್ಲಿರುವ ಅಸರೋನ್ ಕೀಟಗಳ ಸಂತಾನಶಕ್ತಿಯನ್ನೇ ಕುಂದಿಸುತ್ತದೆ. ಸೀರೆ ಉಳಿಸುವ ಈ ಬಗೆ ಗ್ರಂಥ ಉಳಿಸುವುದಕ್ಕೂ ಒದಗಿದೆ. ಮೈಸೂರಿನ ಓರಿಯಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಆರಂಭವಾದದ್ದು 1891ರಲ್ಲಿ. ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ಗುರುತಿಸಿದ್ದು ಅಲ್ಲಿಯೇ, 1909ರಲ್ಲಿ ಅದು ಅಚ್ಚಾಯಿತು. ಅಲ್ಲಿನ ಗರಿಗಳಿಗೆ ನಿಂಬೆಹುಲ್ಲಿನ ಎಣ್ಣೆ ಲೇಪಿಸುವ ರೂಢಿಯಿದೆ. ಒಣಗಿ ಮುರಿಯುವ ಗರಿ ಅದರಿಂದ ಮೆದುವಾಗುತ್ತದೆ, ತೇವ ಹತ್ತುವುದಿಲ್ಲ, ಹುಳವೂ ಹತ್ತಿರ ಸುಳಿಯುವುದಿಲ್ಲ. ಪಟ್ಟೆ ಸೀರೆಗೂ ಅರ್ಥಶಾಸ್ತ್ರಕ್ಕೂ ಒಂದೇ ಜಾತಿಯ ಘಮದ ಕಾವಲು ಎಂದುಕೊಂಡಾಗ ನನಗೆ ಇಂದಿಗೂ ಹೆಮ್ಮೆಯೆನಿಸುತ್ತದೆ.

ಸಸ್ಯದ್ದೆಲ್ಲ ಸಾಧು ಎಂದು ಮಾತ್ರ ಅಜ್ಜಿ ಎಂದೂ ಹೇಳಲಿಲ್ಲ. ಬೇಸಿಗೆ ರಜೆಯಲ್ಲಿ ನಮ್ಮ ತಲೆತುಂಬ ಹೇನು. ಬೇವಿನೆಣ್ಣೆ ಹಚ್ಚಿ, ಸೀರಣಿಗೆಯಲ್ಲಿ ಬಾಚಿ, ಸೀಗೆಪುಡಿಯಲ್ಲಿ ತಲೆ ಉಜ್ಜುತ್ತಿದ್ದರು. ಕೇರಿಯ ಕೆಲವು ಮನೆಗಳಲ್ಲಿ ಸೀತಾಫಲದ ಬೀಜ ಅರೆದು ಹಚ್ಚುತ್ತಿದ್ದರು. ಹೇನು ಒಂದೇ ಪಟ್ಟಿಗೆ ಸಾಯುತ್ತಿತ್ತು. ನಮ್ಮಜ್ಜಿ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. 'ಕಣ್ಣಿಗೆ ಬಿದ್ರೆ ಕಣ್ಣು ಹೋಯ್ತದೆ' ಎಂದು ಕಡ್ಡಿ ಮುರಿದಂತೆ ಹೇಳಿದ್ದಳು. ಕಣ್ಣಿನ ವೈದ್ಯರ ಅನುಭವವೂ ಅದೇ: ಆ ಪುಡಿ ತಾಗಿ ಕರಿಗುಡ್ಡೆಯ ಮೇಲ್ಪದರ ಸುಟ್ಟಂತಾಗಿ ಬರುವವರು ಇಂದಿಗೂ ಇದ್ದಾರೆ. ಹೇನನ್ನು ಕೊಲ್ಲುವ ಕಸುವು ಇರುವುದು ನಮ್ಮ ಮೈಯನ್ನೂ ನೋಯಿಸಬಲ್ಲದು. ಗಿಡದಿಂದ ಬಂದದ್ದು ಎಂಬ ಒಂದೇ ಕಾರಣಕ್ಕೆ ಮಕ್ಕಳ ಮೈಗೆ ಏನನ್ನಾದರೂ ಹಚ್ಚುವವರಿಗೆ ನಾನು ಈ ಮಾತನ್ನು ಒತ್ತಿ ಹೇಳುತ್ತೇನೆ.

ಹೊಗೆಯ ವಿಷಯವೂ ಹಾಗೆಯೇ. ದೀಪ ಹಚ್ಚುವ ಹೊತ್ತಿಗೆ ಕೊಟ್ಟಿಗೆಯ ಬಾಗಿಲಲ್ಲಿ ಬೆರಣಿಯ ಕೆಂಡದ ಮೇಲೆ ಬೇವು, ತುಂಬೆ, ಲಕ್ಕಿ ಸೊಪ್ಪು ಹಾಕಿ ಹೊಗೆ ಎಬ್ಬಿಸುತ್ತಿದ್ದರು. ದನಗಳು ಬಾಲ ಬೀಸುವುದು ನಿಲ್ಲಿಸಿ ಮೆಲುಕು ಹಾಕತೊಡಗಿದರೆ ಸೊಳ್ಳೆ ಸರಿದಿದೆ ಎಂದರ್ಥ. ಬಯಲಿನಲ್ಲಿ, ಕೊಟ್ಟಿಗೆಯಲ್ಲಿ ಅದು ಸರಿ. ಆದರೆ ಅದೇ ಹೊಗೆಯನ್ನು ಕಿಟಕಿಯಿಲ್ಲದ ಒಳಮನೆಗೂ ತರುತ್ತಿದ್ದರು. ಒಲೆಯ ಹೊಗೆ, ಸೊಳ್ಳೆಯ ಹೊಗೆ ಎರಡನ್ನೂ ಜೀವಮಾನವಿಡೀ ಕುಡಿದ ಅಜ್ಜಿಗೆ ಕೊನೆಯ ವರ್ಷಗಳಲ್ಲಿ ಕೆಮ್ಮು ಬಿಡಲೇ ಇಲ್ಲ. ಅದನ್ನು ನೆನೆದಾಗ, ಮುಚ್ಚಿದ ಕೋಣೆಯಲ್ಲಿ ಸೊಪ್ಪು ಸುಡುವುದನ್ನು ಒಳ್ಳೆಯದೆಂದು ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ.

ಅವ್ವನ ಕಾಲಕ್ಕೆ ಕೀಟನಾಶಕ ಔಷಧಿಗಳು ಬಂದವು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ, ಹಳ್ಳಿ ಹಳ್ಳಿಯ ಗೋಡೆಗಳಿಗೆ ಡಿಡಿಟಿ ಹೊಡೆದರು. ಅದರಿಂದಾದ ಉಪಕಾರವನ್ನು ಮರೆಯಬಾರದು. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತೆಂದು ಅಂದಾಜು. 1965ರ ಹೊತ್ತಿಗೆ ಅದು 1 ಲಕ್ಷಕ್ಕೆ ಇಳಿಯಿತು. ಯಾವ ಬೇವಿನ ಹೊಗೆಯಿಂದಲೂ ಅದು ಆಗುತ್ತಿರಲಿಲ್ಲ. ಆದರೆ ಗೆದ್ದೆವೆಂದು ಕೆಲಸ ಸಡಿಲವಾಯಿತು, ಸೊಳ್ಳೆ ಔಷಧಿಗೆ ಒಗ್ಗಿಕೊಂಡಿತು; 1976ರಲ್ಲಿ ಮತ್ತೆ 64 ಲಕ್ಷ ಪ್ರಕರಣ. ಅಷ್ಟರಲ್ಲಿ ಗದ್ದೆ ಹೊಲಕ್ಕೆ ತಂದ ಬಿಎಚ್‌ಸಿ ಪುಡಿಯನ್ನು ಜನ ಕಾಳಿನ ಮೂಟೆಗೂ ಉದುರಿಸತೊಡಗಿದ್ದರು. ಮಾವನೊಬ್ಬ ನಮ್ಮನೆಗೂ ಒಂದು ಪೊಟ್ಟಣ ತಂದಾಗ ಅಜ್ಜಿ ಅದನ್ನು ಅಂಗಳದಾಚೆಯೇ ತಡೆದಳು. 'ನಾವು ತಿನ್ನಕ್ಕಾಗದ್ದನ್ನ ನಾವು ತಿನ್ನೋ ಕಾಳಿಗೆ ಇಕ್ಕಬಾರ್ದು ಕಣಪ್ಪ.' ಬೇವು, ಹರಳೆಣ್ಣೆ, ಮೆಣಸಿನಕಾಯಿ ನಮ್ಮ ಹೊಟ್ಟೆಗೂ ಹೋಗುವಂಥವು. ಬೂದಿ, ಕೆಮ್ಮಣ್ಣು ತೊಳೆದರೆ ಹೋಗುವಂಥವು. ಅವಳ ಗೆರೆ ಸ್ಪಷ್ಟವಾಗಿತ್ತು. ಡಿಡಿಟಿಯನ್ನು ಬೇಸಾಯಕ್ಕೆ ಬಳಸಬಾರದೆಂದು ಸರ್ಕಾರ ನಿಷೇಧಿಸಿದ್ದು 1989ರಲ್ಲಿ, ಬಿಎಚ್‌ಸಿಯನ್ನು ನಿಷೇಧಿಸಿದ್ದು 1997ರಲ್ಲಿ.

ಆಮೇಲೊಂದು ದಿನ ಪತ್ರಿಕೆಗಳಲ್ಲಿ ಬೇವು ದೊಡ್ಡ ಸುದ್ದಿಯಾಯಿತು. ಬೇವಿನ ಎಣ್ಣೆಯಿಂದ ಶಿಲೀಂಧ್ರ ತಡೆಯುವ ವಿಧಾನಕ್ಕೆ ಅಮೆರಿಕದ ಕೃಷಿ ಇಲಾಖೆಗೂ ಡಬ್ಲ್ಯು.ಆರ್. ಗ್ರೇಸ್ ಕಂಪನಿಗೂ ಯುರೋಪಿನ ಪೇಟೆಂಟ್ ಕಚೇರಿ 1994ರಲ್ಲಿ ಹಕ್ಕು ಕೊಟ್ಟಿತ್ತು. ಪರಿಸರ ಹೋರಾಟಗಾರ್ತಿ ವಂದನಾ ಶಿವ ಮತ್ತಿತರರು ಅದನ್ನು ಪ್ರಶ್ನಿಸಿದರು. ಭಾರತದ ಜನಕ್ಕೆ ಇದು ಮೊದಲೇ ತಿಳಿದಿತ್ತು ಎಂಬ ವಾದ ಗೆದ್ದು 2000ದಲ್ಲಿ ಪೇಟೆಂಟ್ ರದ್ದಾಯಿತು. 2005ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಆ ಸುದ್ದಿ ಓದಿದ ದಿನ ನನಗೆ ಸಂತೋಷದ ಜೊತೆಗೇ ಒಂದು ಯೋಚನೆಯೂ ಹತ್ತಿತು. ಬೇವು ನಮ್ಮದೆಂದು ಜಗತ್ತು ಒಪ್ಪಿತು ಸರಿ, ಆದರೆ ತಿಂಗಳಿಗೊಮ್ಮೆ ವಾಡೆ ತೆರೆದು ನೋಡುವ ಆ ಕಟ್ಟು ನಮ್ಮ ಎಷ್ಟು ಮನೆಗಳಲ್ಲಿ ಉಳಿದಿದೆ?

ಈಗ ನಾನು ಮೈಸೂರಿನಲ್ಲಿದ್ದೇನೆ. ವಾಡೆಯಿಲ್ಲ, ಪ್ಲಾಸ್ಟಿಕ್ ಡಬ್ಬಿಗಳಿವೆ. ಹುಳ ಬೇರೆ, ಸೊಳ್ಳೆಯೂ ಬೇರೆ. ನಮ್ಮ ಬೀದಿಯಲ್ಲಿ ಮಕ್ಕಳು ಡೆಂಗಿಯಿಂದ ಆಸ್ಪತ್ರೆ ಸೇರಿದ ಮಳೆಗಾಲದಲ್ಲಿ, ಮುಸ್ಸಂಜೆ ಬಾಗಿಲಲ್ಲಿ ಬೇವಿನ ಹೊಗೆ ಹಾಕಿ ನೆಮ್ಮದಿಯಾಗಿದ್ದ ಮನೆಗಳನ್ನು ಕಂಡಿದ್ದೇನೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಹುಟ್ಟುವುದು ಮನೆಯ ಡ್ರಮ್ಮು, ಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇಗಳಲ್ಲಿ ನಿಂತ ತಿಳಿ ನೀರಿನಲ್ಲಿ. ಸಂಜೆಯ ಹೊಗೆ ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಮೈಗೆ ಹಚ್ಚಿಕೊಂಡ ನಿಂಬೆಹುಲ್ಲಿನ ಎಣ್ಣೆ ಒಂದೆರಡು ಗಂಟೆಯಲ್ಲಿ ಆರಿಹೋಗುತ್ತದೆ, ಮತ್ತೆ ಮತ್ತೆ ಹಚ್ಚಬೇಕು. ರೋಗದ ಭಯವಿರುವಾಗ ಸೊಳ್ಳೆಪರದೆ, ವೈದ್ಯರು ಹೇಳಿದ ಮುಲಾಮು ಬಳಸಲು ಯಾವ ಹಿಂಜರಿಕೆಯೂ ಬೇಡ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ನೀರು ನಿಲ್ಲಿಸಿಕೊಂಡವರಿಗೆ ದಂಡ ಹಾಕುವ ನಿಯಮ ತಂದದ್ದು ಅದರ ತೀವ್ರತೆಗೆ ಸಾಕ್ಷಿ.

ಆದರೆ ಅಜ್ಜಿಯ ವಿದ್ಯೆ ಇಲ್ಲಿಗೆ ಹಳತಾಯಿತು ಎಂದು ನಾನು ಒಪ್ಪುವುದಿಲ್ಲ. ಈ ಸೊಳ್ಳೆ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆಯಲು ಸುಮಾರು ಒಂದು ವಾರ, ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿ ಒಳಗೋಡೆಯನ್ನು ಗಸಗಸ ಉಜ್ಜಬೇಕು. ಬರೀ ಚೆಲ್ಲಿದರೆ ಸಾಲದು, ಗೋಡೆಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದರೂ ನೀರು ಕಂಡೊಡನೆ ಜೀವ ತಾಳುತ್ತದೆ. ಅವರೆಯ ದುಂಬಿಗೆ ತಿಂಗಳು, ಡ್ರಮ್ಮಿನ ಸೊಳ್ಳೆಗೆ ವಾರ. ಯಾವ ಜೀವಿ, ಎಲ್ಲಿ ಹುಟ್ಟುತ್ತದೆ, ಎಷ್ಟು ದಿನಕ್ಕೆ ಬೆಳೆಯುತ್ತದೆ ಎಂದು ತಿಳಿದು ಅದಕ್ಕಿಂತ ಒಂದು ದಿನ ಮುಂಚೆ ಕೈ ಹಾಕುವುದೇ ಅವಳ ಶಾಸ್ತ್ರ. ಅದು ಇವತ್ತಿಗೂ ಅಷ್ಟೇ ನಿಜ.

ನಮ್ಮ ಮನೆಯಲ್ಲಿ ಶುಕ್ರವಾರ ಡ್ರಮ್ಮು ಉಜ್ಜುವ ದಿನ, ಅಮಾವಾಸ್ಯೆ ಕಾಳು ಬಿಸಿಲಿಗೆ ಹಾಕುವ ದಿನ. ಕೆಜಿ ಹೆಸರುಕಾಳಿಗೆ ಒಂದು ಚಮಚ ಹರಳೆಣ್ಣೆ ಸವರುವುದನ್ನು ಮೊಮ್ಮಗನಿಗೂ ಕಲಿಸಿದ್ದೇನೆ. ಡ್ರಮ್ಮಿನ ಕೆಲಸ ಮಗನದು. ಅಜ್ಜಿಯ ಕಾಲದಲ್ಲಿ ಇದೆಲ್ಲ ಒಬ್ಬ ಹೆಂಗಸಿನ ತಲೆಯ ಮೇಲಿತ್ತು. ಅವಳು ಹೋದ ಮೇಲೆ ಎಲೆಗಳ ಹೆಸರುಗಳಷ್ಟೇ ಉಳಿದು ಕೆಲಸ ಅಳಿಸಿಹೋದದ್ದು ಅದರಿಂದಲೇ. ಬೇವು, ಲಕ್ಕಿ, ಬಜೆ ಎಂದು ಮಕ್ಕಳಿಗೆ ಪಟ್ಟಿ ಒಪ್ಪಿಸುವುದರ ಜೊತೆಗೆ ಯಾವುದನ್ನು ಏಕೆ ಇಡಬೇಕು, ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು, ಯಾವುದು ಎಲ್ಲಿ ಸಾಲದು ಎಂಬುದನ್ನೂ ಕಲಿಸಬೇಕು. ಮನೆಯಲ್ಲಿ ಉಣ್ಣುವವರೆಲ್ಲ ಆ ಕೆಲಸಕ್ಕೆ ಕೈಜೋಡಿಸಿದರೆ ಅಜ್ಜಿಯ ವಿದ್ಯೆ ಉಳಿಯುತ್ತದೆ.